ರುಚಿ ನೋಡುವ ಊಟಕ್ಕೆ ಭಜ್ಜಿ ಮಾಡಿದ್ದು

ಗುರುವಾರ ಬೆಳಗ್ಗೆ ದೇವರ ಮನೆಯ ಹಿತ್ತಾಳೆ ದೀಪಗಳಿಗೆ ಹುಣಸೆಹಣ್ಣು ಹಚ್ಚಿ ತಿಕ್ಕುತ್ತ ಕೂತಿದ್ದೆ. ಕೈಯೆಲ್ಲ ಹುಳಿ, ಕಪ್ಪು ನೀರು. ಅಷ್ಟರಲ್ಲಿ ಫೋನು ಬಂತು. ಮೊಣಕೈಯಿಂದ ಒತ್ತಿ ಸ್ಪೀಕರ್ ಹಚ್ಚಿದೆ. ಅಕ್ಕನ ಮಗಳು.

"ಮಾವಶಿ, ಎಳ್ಳ ಅಮಾಸಿ ಭಜ್ಜಿ ಒಮ್ಮಿಗಿ ಎಷ್ಟು ಮಂದಿಗಿ ಮಾಡಿದ್ದಿ ನೀ?"

"ಹೊಲಕ್ಕ ಬಂದ ಬೀಗರು, ಓಣಿಯವರು, ಎಲ್ಲಾ ಕೂಡಿ ಐವತ್ತು ಮಂದಿಗಿ ಮಾಡೀನಿ. ಯಾಕವ್ವ?"

"ನಮ್ಮ ಹೋಟೆಲಿಗಿ ಬಂದು ಮಾಡ್ತಿಯೇನು? ರವಿವಾರ. ಇಲ್ಲಿ ಯಾರಿಗೂ ಬರಂಗಿಲ್ಲ. ನಾ ನಿನ್ನ ಹೆಸರು ಹೇಳಿಬಿಟ್ಟೀನಿ."

ಅವಳು ಕೆಲಸ ಮಾಡುತ್ತಿದ್ದದ್ದು ಬೀದರ ಊರ ಹೊರಗಿನ ಒಂದು ದೊಡ್ಡ ಹೋಟೆಲಿನಲ್ಲಿ. ಅಲ್ಲಿ ಏನು ಬೇಕೆಂದು ನಿಮ್ಮನ್ನು ಕೇಳುವುದಿಲ್ಲ. ಒಂದು ಊಟಕ್ಕೆ ಒಂಬತ್ತು ಸಲ ತಾಟು ಬದಲಿಸುತ್ತಾರೆ, ಅವರು ಕೊಟ್ಟದ್ದನ್ನು ಅವರು ಹೇಳಿದ ಸರದಿಯಲ್ಲೇ ತಿನ್ನಬೇಕು. ಟೇಸ್ಟಿಂಗ್ ಮೆನು ಅನ್ನುತ್ತಾರಂತೆ, ಅಂದರೆ ರುಚಿ ನೋಡುವ ಊಟ. ಹೈದರಾಬಾದಿನಿಂದ ಕಾರು ಮಾಡಿಕೊಂಡು ಬಂದು ತಿಂದು ಹೋಗುವವರಿದ್ದಾರೆ. ಈ ಸಲ ಎಳ್ಳ ಅಮಾವಾಸ್ಯೆ ಮುಗಿದ ಮೊದಲ ರವಿವಾರಕ್ಕೆ ನಮ್ಮ ಕಡೆಯ ಹೊಲದ ಊಟವನ್ನೇ ಇಡುತ್ತೇವೆಂದು ಹೇಳಿ, ಮೇಜುಗಳನ್ನೆಲ್ಲ ಮೊದಲೇ ಬುಕ್ ಮಾಡಿ ಕೊಟ್ಟುಬಿಟ್ಟಿದ್ದರು.

ನಾನು ಇಲ್ಲ ಅನ್ನಲಿಲ್ಲ. ಅದಕ್ಕೆ ಕಾರಣ ನನ್ನ ಅಕ್ಕ. ಅವಳಿರುವುದು ಔರಾದ ಹತ್ತಿರದ ಡಾಬಕಾದಲ್ಲಿ. ಮಗಳಿಗೆ ಆಕೆ ಒಂದು ಕರಾರು ಹಾಕಿದ್ದಳು. ಕೆಲಸ ಕಾಯಂ ಆದರೆ ಎರಡು ವರ್ಷ ಲಗ್ನದ ಮಾತು ಎತ್ತುವುದಿಲ್ಲ, ಆಗದಿದ್ದರೆ ಗಡಿಯಾಚೆಯ ಊರಿನಿಂದ ಬಂದ ಒಂದು ಸಂಬಂಧಕ್ಕೆ ಹೂಂ ಅನ್ನಬೇಕು. ಆ ಹುಡುಗನ ಮನೆಯವರು ಮೊದಲೇ ಹೇಳಿದ್ದರು: ನಮ್ಮ ಸೊಸೆಯಂದಿರು ಹೊರಗೆ ದುಡಿಯಲು ಹೋಗುವುದಿಲ್ಲ. ಹೋಟೆಲಿನ ಮಾಲಕರು ಅವಳ ಆರು ತಿಂಗಳ ಕೆಲಸ ನೋಡಿ, ಈ ರವಿವಾರದ ಊಟ ಮುಗಿದ ಮೇಲೆ ತೀರ್ಮಾನ ಹೇಳುವವರಿದ್ದರು.

ನಮ್ಮ ಮನೆಯವರು ಪೇಪರಿನಿಂದ ತಲೆ ಎತ್ತದೆ ಅಂದರು, "ಹೋಗಿ ಬಾ. ಇನ್ನ ಮ್ಯಾಲ ನಿನ್ನ ಭಜ್ಜಿ ಇಂಗ್ಲಿಷ್ ಮಾತಾಡ್ತದ, ನಮಗ ತಿಳಿಯಂಗಿಲ್ಲ."

ಶುಕ್ರವಾರ ಭಾಲ್ಕಿಯಿಂದ ಬೀದರ ಬಸ್ಸು ಹತ್ತಿದೆ. ಕಿಟಕಿಯ ಸೀಟು ಸಿಕ್ಕಿತು, ಅದೊಂದು ಪುಣ್ಯ. ಚೀಲದಲ್ಲಿ ಒಂದು ಸೀರೆ, ವಿಭೂತಿ, ನನ್ನ ಕಟ್ಟಿಗೆಯ ಸೌಟು, ಮನೆಯಲ್ಲೇ ಕುಟ್ಟಿದ ಖಾರ.

ಅಲ್ಲಿಯ ದೊಡ್ಡ ಶೆಫ್ ಬೆಂಗಳೂರಿನ ಕಡೆಯವರು. ಒಳ್ಳೆಯ ಮಾತುಗಾರ. "ಅಮ್ಮ, ನಿಮ್ಮ ಡಿಶ್ ಎಲ್ಲಿ ಬರುತ್ತೆ ಅಂತ ಗೊತ್ತಾಗಬೇಕಲ್ವಾ? ಮೊದಲು ಒಂದ್ಸಲ ಗೆಸ್ಟ್ ಥರ ಕೂತ್ಕೊಂಡು ಊಟ ಮಾಡಿ" ಎಂದು ನನ್ನನ್ನು ಮೇಜಿಗೆ ಕೂರಿಸಿದರು. ಅಕ್ಕನ ಮಗಳು ಬಿಳಿ ಕೋಟು ಹಾಕಿಕೊಂಡು ಪಕ್ಕದಲ್ಲಿ ನಿಂತಳು.

ಮೊದಲು ಬಂದದ್ದು ಒಂದು ಕರಿ ಕಲ್ಲು. ಅದರ ಮೇಲೆ ಉಗುರಿನಷ್ಟು ಜೋಳದ ರೊಟ್ಟಿಯ ಚೂರು. ಆ ಚೂರಿನ ಮೇಲೆ ಒಬ್ಬನು ಚಿಮಟದಿಂದ ಒಂದೇ ಒಂದು ಮೆಂತ್ಯ ಎಲೆ ಇಟ್ಟ. ಎಲೆ ಜಾರಿತು. ಅವನು ಅದನ್ನು ಮೇಜಿನ ಮೇಲಿಂದ ಎತ್ತಿ ಮತ್ತೆ ಇಟ್ಟ. ನಾನು ನೋಡಿದ್ದು ಅವನಿಗೂ ಗೊತ್ತಾಯಿತು, ನಕ್ಕ. ಆಮೇಲೆ ಬಟ್ಟಲಿನಲ್ಲಿ ಬಿಳಿ ನೊರೆ ಬಂತು. ಕರು ಹಾಲು ಕುಡಿದು ಬಾಯಿ ತೆಗೆದಾಗ ಅದರ ಮೂತಿಗೆ ಅಂಟಿರುತ್ತದಲ್ಲ, ಅಂಥ ನೊರೆ.

"ಇದೇನವ್ವ?"

"ಅಂಬಲಿ, ಮಾವಶಿ."

"ಅಂಬಲಿ ಎಲ್ಲಿ ಅದ?"

"ಇದೇ. ಇದರಾಗ ಗಾಳಿ ತುಂಬ್ಯಾರ."

"ಹಂಗಾದ್ರ ಕುಡದವ್ರು ತೇಗೋದು ಮಾತ್ರ ಖರೇ."

ಅವಳು ಗೋಡೆಯ ಕಡೆ ಮುಖ ತಿರುಗಿಸಿದಳು. ಭುಜ ಅಲುಗಾಡುತ್ತಿತ್ತು.

ಒಂಬತ್ತೂ ತಿಂದೆ. ತಿಂದೆ ಅನ್ನುವುದಕ್ಕಿಂತ ನೆಕ್ಕಿದೆ ಅನ್ನಬೇಕು. ಗಾಜಿನ ಬುಟ್ಟಿ ಎತ್ತಿದರೆ ಹೊಗೆ, ಹೊಗೆಯ ಕೆಳಗೆ ಒಂದು ಬದನೆಕಾಯಿ ಚೂರು. ತಾಟಿನ ಅಂಚಿಗೆ ಸಾರು ತಾಗಿದರೆ ಬಡಿಸುವವನು ಬೆರಳಿಂದ ಒರೆಸಿ, ಬೆರಳನ್ನು ಸೊಂಟದ ಬಟ್ಟೆಗೆ ಒರೆಸಿ, ಅದೇ ಬೆರಳಿಂದ ಮುಂದಿನ ತಾಟು ಹಿಡಿಯುತ್ತಿದ್ದ. ಹೊಟ್ಟೆ ತುಂಬಲಿಲ್ಲ.

ಒಳಗೆ ಅಡುಗೆಮನೆಗೆ ಹೋದರೆ ಎಲ್ಲ ಫಳಫಳ ಸ್ಟೀಲು, ನೆಲದ ಮೇಲೆ ಒಂದು ಕೂದಲಿಲ್ಲ. ಸ್ವಚ್ಛ ಅನ್ನಿಸಿತು. ಆಮೇಲೆ ಶೆಫ್ ಒಂದು ಚಮಚ ತೆಗೆದು ಸಾರಿನಲ್ಲಿ ಅದ್ದಿ, ಬಾಯಿಗೆ ಹಾಕಿ, ಚಪ್ಪರಿಸಿ, ಅದೇ ಚಮಚ ಮತ್ತೆ ಸಾರಿಗೆ ಹಾಕಿ ತಿರುವಿದರು. ಪಕ್ಕದ ಪಾತ್ರೆಗೂ ಅದೇ ಚಮಚ.

"ಇಲ್ಲಿ ಹತ್ತು ನಿಮಿಷಕ್ಕೊಂದ್ಸಲ ಟೇಸ್ಟ್ ಮಾಡ್ತಾನೇ ಇರ್ಬೇಕು ಅಮ್ಮ."

"ನಾ ಮಾಡಂಗಿಲ್ರಿ. ದೇವರಿಗಿ ಎಡಿ ತೋರಸೋ ತನಕ ಬಾಯಿಗಿ ಹಚ್ಚಂಗಿಲ್ರಿ ನಾವು."

"ಮತ್ತೆ ಉಪ್ಪು ಸರಿಯಾಗಿದೆ ಅಂತ ಹೇಗೆ ಗೊತ್ತಾಗುತ್ತೆ?"

"ಹಾಕೋ ಕೈಗಿ ಗೊತ್ತಾಗ್ತದ್ರಿ. ಕುದಿಯೋ ವಾಸನಿಗಿ ಗೊತ್ತಾಗ್ತದ."

ಅವರು ನಕ್ಕರು. "ನಮಗಿಲ್ಲಿ ಗೆಸ್ಟೇ ದೇವರು ಅಮ್ಮ."

"ಹಂಗಿದ್ರ ದೇವರಕಿಂತ ಮೊದಲ ನೀವ್ಯಾಕ ತಿನ್ಲತ್ತೀರಿ?"

ನಗು ನಿಂತಿತು. ಆದರೆ ಒಂದು ಮಾತಿಗೆ ಒಪ್ಪಿದರು. ನನ್ನ ಪಾತ್ರೆಯೊಳಗೆ ಅವರ ಚಮಚ ಬರುವುದಿಲ್ಲ, ಎಡೆ ತೋರಿಸಿದ ಮೇಲೆ ನಾನೇ ಒಂದು ಬಟ್ಟಲಿನಲ್ಲಿ ತೆಗೆದುಕೊಡಬೇಕು. ಇಷ್ಟಾದರೂ ಆಯಿತಲ್ಲ ಎಂದು ಮನಸ್ಸಿನಲ್ಲೇ ಕೈಮುಗಿದೆ.

ಶನಿವಾರವೆಲ್ಲ ಸೋಸುವುದು, ಸುಲಿಯುವುದು. ಭಜ್ಜಿ ಅಂದರೆ ಎಣ್ಣೆಯಲ್ಲಿ ಕರಿಯುವ ಭಜಿ ಅಲ್ಲ. ಆ ಹೊತ್ತಿಗೆ ಹೊಲದಲ್ಲಿ ಏನೇನು ಹಸಿರಿರುತ್ತದೋ ಅದೆಲ್ಲ ಒಂದೇ ಗಡಿಗೆಗೆ ಬೀಳಬೇಕು. ಹಸಿ ತೊಗರಿಕಾಳು, ಅವರೆಕಾಳು, ಬಟಾಣಿ, ಸುಲಿದ ಹಸಿ ಕಡಲೆ, ಶೇಂಗಾ, ಮೆಂತ್ಯ, ಪಾಲಕ, ಚುಕ್ಕೆ ಸೊಪ್ಪು, ಗಜ್ಜರಿ, ಬದನೆ, ಉಳ್ಳಾಗಡ್ಡಿ ತಪ್ಪಲು. ಕಾಳು ಮೊದಲು, ಸೊಪ್ಪು ಆಮೇಲೆ. ಎಲ್ಲ ಬೆಂದು ಒಂದಾದ ಮೇಲೆ ಹುಣಸೆ ಹುಳಿಯಲ್ಲಿ ಕಡಲೆಹಿಟ್ಟು ಕಲಸಿ ಬಿಡಬೇಕು. ಅಲ್ಲಿಂದ ಮುಂದೆ ಕೈ ಬಿಡುವಂತಿಲ್ಲ. ಹಿಟ್ಟು ತಳ ಹಿಡಿಯಿತೆಂದರೆ ಇಡೀ ಗಡಿಗೆ ಹಾಳು, ಮೇಲಿನದನ್ನು ಬೇರೆ ಪಾತ್ರೆಗೆ ಸುರುವಿದರೂ ಸೀದ ವಾಸನೆ ಹೋಗುವುದಿಲ್ಲ. ಜೊತೆಗೆ ಸಜ್ಜೆ ಹಿಟ್ಟಿನ ಕಡಬು, ಹಬೆಯಲ್ಲಿ ಬೇಯಿಸಿದ್ದು.

ನನ್ನ ಜೊತೆ ಕಾಳು ಸುಲಿಯಲು ಕೂತವಳು ಭಾಂಡೆ ತೊಳೆಯುವ ಹೆಣ್ಣುಮಗಳು. ಜನವಾಡದಿಂದ ದಿನಾ ಬಸ್ಸಿಗೆ ಬರುವವಳು, ವಿಹಾರಕ್ಕೆ ನಡೆದುಕೊಳ್ಳುವ ಬೌದ್ಧರ ಮನೆತನ. ಮಗಳು ನರ್ಸಿಂಗ್ ಓದುತ್ತಿದ್ದಳು. ಮಾತು ಹರಿತ. ಒಂದು ಬುಟ್ಟಿ ಸೊಪ್ಪು ನೋಡಿ, "ಅಕ್ಕಾ, ಇಷ್ಟು ಸೊಪ್ಪು ತಂದು ಇವ್ರು ಒಂದೊಂದೇ ಎಲಿ ಇಟ್ಟು ಕೊಟ್ರ, ನಾವು ಹೋಳಿ ಹುಣ್ಣಿಮಿ ತನಕ ಇಲ್ಲೇ ಕೂಡ್ಬೇಕಾಗ್ತದ ನೋಡ್ರಿ" ಅಂದಳು. ಆ ಅಡುಗೆಮನೆಯಲ್ಲಿ ನಾನು ಹೊಟ್ಟೆತುಂಬ ನಕ್ಕದ್ದು ಅದೊಂದೇ ಸಲ.

ರವಿವಾರ ಎರಡು ದೊಡ್ಡ ಪಾತ್ರೆ ಇಟ್ಟೆವು. ಮೊದಲ ಪಂಕ್ತಿ ಹನ್ನೆರಡಕ್ಕೆ, ಎರಡನೆಯದು ಎರಡಕ್ಕೆ. ಎರಡನೆಯದರಲ್ಲಿ ಮಾಲಕರ ಖಾಸಾ ಮಂದಿ. ಮೊದಲ ಪಾತ್ರೆ ಗ್ಯಾಸಿನ ಮೇಲೆ ನನ್ನ ಕೈಯಲ್ಲೇ ಮುಗಿಯಿತು. ಎಡೆ ತೋರಿಸಿದೆ, ಬಟ್ಟಲಿನಲ್ಲಿ ಶೆಫ್‌ಗೆ ಕೊಟ್ಟೆ. ಅವರು ತಿಂದು ಸುಮ್ಮನೆ ತಲೆ ಆಡಿಸಿದರು. ಉಪ್ಪು ಬರೋಬರ್ ಇತ್ತು. ಮೇಜಿಗೊಂದು ಸಣ್ಣ ಮಣ್ಣಿನ ಗಡಿಗೆಯಲ್ಲಿ ಭಜ್ಜಿ, ಬುಟ್ಟಿಯಲ್ಲಿ ಕಡಬು ಹೋದವು.

ಎರಡನೆಯ ಪಾತ್ರೆ ಕರೆಂಟಿನ ಒಲೆಯ ಮೇಲಿತ್ತು. ಆ ಒಲೆಗೆ ಉರಿ ಕಾಣುವುದಿಲ್ಲ, ಬರೀ ಕರಿ ಗಾಜು. ಅಕ್ಕನ ಮಗಳು ಸಣ್ಣಗೆ ಇಟ್ಟು ಹೋಗಿದ್ದಳು. ಹಿಟ್ಟು ಬಿಟ್ಟಾಗಿತ್ತು. ನಾನು ನೋಡಿದೆ, ಉರಿಯೂ ಇಲ್ಲ, ಸದ್ದೂ ಇಲ್ಲ. ಒಲೆ ಆರಿದೆ ಎಂದುಕೊಂಡು ಅಧಿಕದ ಗುರುತು ಇದ್ದಲ್ಲಿ ಒತ್ತಿದೆ. ಆಗಲೂ ಉರಿ ಕಾಣಲಿಲ್ಲ, ಮತ್ತೆ ಒತ್ತಿದೆ. ಕಡಬಿನ ಕಡೆ ತಿರುಗಿ ಎರಡು ಬುಟ್ಟಿ ಇಳಿಸಿ ಬರುವಷ್ಟರಲ್ಲಿ ಮೂಗಿಗೆ ಬಡಿಯಿತು. ಸೌಟು ಹಾಕಿದರೆ ತಳದಲ್ಲಿ ಅಂಗೈ ದಪ್ಪ ಕರಕು.

ನಲವತ್ತು ವರ್ಷ ಒಲೆಯ ಮುಂದೆ ಕೂತವಳು ನಾನು. ಉರಿ ನೋಡಿ ಅಡುಗೆ ಮಾಡಿದ ಕಣ್ಣು ಅಲ್ಲಿ ನನಗೆ ಕೈಕೊಟ್ಟಿತು.

ಅಕ್ಕನ ಮಗಳು ಬಂದು ನೋಡಿ ಪಾತ್ರೆಯ ಅಂಚು ಹಿಡಿದು ನಿಂತಳು. "ಮಾವಶಿ, ಇನ್ನ ಮುಕ್ಕಾಲು ತಾಸು ಅದ. ನನ್ನ ಕತಿ ಮುಗೀತು."

ಶೆಫ್ ಗಾಬರಿಯಾಗಲಿಲ್ಲ. ಸೀದ ಪಾತ್ರೆಯನ್ನು ಹಿಂದೆ ಸರಿಸಿ, "ನೋ ಪ್ರಾಬ್ಲಮ್. ಫಸ್ಟ್ ಸೀಟಿಂಗ್ ಪಾಟ್ಸ್ ಎಲ್ಲ ವಾಪಸ್ ಬಂತಾ? ಅದನ್ನೆಲ್ಲ ಇದಕ್ಕೆ ಹಾಕಿ, ಬಿಸಿ ಮಾಡಿ" ಎಂದು ಒಂದು ತೊಳೆದ ಪಾತ್ರೆ ಮುಂದಿಟ್ಟರು.

ನನಗೆ ಮೊದಲು ತಿಳಿಯಲೇ ಇಲ್ಲ. ಆಮೇಲೆ ನೋಡಿದೆ. ಊಟದ ಮನೆಯಿಂದ ಗಡಿಗೆಗಳು ಬರುತ್ತಿದ್ದವು. ಒಂದೊಂದರಲ್ಲಿ ಅರ್ಧ, ಕಾಲು ಭಾಗ ಭಜ್ಜಿ. ಅದರೊಳಗೆ ತಿಂದವರ ಚಮಚ ಹಾಗೇ ನೆಟ್ಟಿದ್ದವು. ಒಂದು ಚಮಚದ ಮೇಲೆ ತುಟಿಯ ಕೆಂಪು. ಒಂದು ಗಡಿಗೆಯಲ್ಲಿ ಅಗಿದು ಉಗಿದ ಮೆಣಸಿನಕಾಯಿ ತೊಟ್ಟು. ಒಂದರಲ್ಲಿ ಕೈ ಒರೆಸಿದ ಕಾಗದ ತೊಯ್ದು ಮುದ್ದೆಯಾಗಿ ಕೂತಿತ್ತು. ಒಬ್ಬ ಹುಡುಕಿ ಹುಡುಕಿ ಅವನ್ನೆಲ್ಲ ಚಿಮಟದಿಂದ ಹೆಕ್ಕಿ ತೆಗೆಯುತ್ತಿದ್ದ. ಮೊನ್ನೆ ಮೆಂತ್ಯ ಎಲೆ ಇಟ್ಟ ಚಿಮಟವೇ ಅದು. ಹೆಕ್ಕಿದ ಮೇಲೆ ಪಾತ್ರೆಗೆ ಸುರುವುತ್ತಿದ್ದ. ಗಡಿಗೆಯ ಗೋಡೆಗೆ ಅಂಟಿದ್ದನ್ನೂ ರಬ್ಬರಿನ ಸೌಟಿಂದ ಕೆರೆದು ಹಾಕುತ್ತಿದ್ದ. ಸೆರಗು ಮೂಗಿಗೆ ಒತ್ತಿ ಹಿಡಿದೆ.

ಭಾಂಡೆಯ ಕಟ್ಟೆಯಿಂದ ಜನವಾಡದವಳು ನನ್ನನ್ನೇ ನೋಡುತ್ತಿದ್ದಳು. ಕೈ ತೊಳೆಯುವ ನೆವ ಮಾಡಿ ಹತ್ತಿರ ಬಂದಳು.

"ಮೊದಲ ಸಲ ನೋಡ್ಲತ್ತೀರಲ್ಲ ಅಕ್ಕಾ, ಅದಕ್ಕ ಹಿಂಗ್ ಆಗ್ತದ. ಕಡಿಮಿ ಬಿತ್ತಂದ್ರ ಇವ್ರದು ಇದೇ ದಂಧಾ."

"ತಿನ್ನೋ ಮಂದಿಗಿ ಗೊತ್ತಿಲ್ಲೇನವ್ವ?"

"ಎಲ್ಲಿ ಗೊತ್ತು. ನಮ್ಮ ಅಜ್ಜಿಗಿ ಗೌಡರ ಮನ್ಯಾಗ ಎಂಜಲಾ ಕೊಡ್ತಿದ್ರು. ಎಂಜಲಾ ಅದ ತಗೋ ಅಂತ ಹೇಳೇ ಕೊಡ್ತಿದ್ರು. ನಮ್ಮವ್ವ ಸೆಟದು ನಿಂತು ಅದನ್ನ ಬಂದ್ ಮಾಡಿದ್ಳು. ಇವ್ರು ಹೇಳಲಾರದೇ ಕೊಡ್ತಾರ, ಕಾರಿನ್ಯಾಗ ಬಂದವ್ರಿಗಿ."

ಇಷ್ಟು ಹೇಳಿ ಮತ್ತೆ ಭಾಂಡೆಯ ಕಟ್ಟೆಗೆ ಹೋದಳು.

ಅಷ್ಟರಲ್ಲಿ ಶೆಫ್ ಅಕ್ಕನ ಮಗಳ ಕೈಗೆ ಸೌಟು ಕೊಟ್ಟು, ಹೊಸ ಗಡಿಗೆಗಳಿಗೆ ತುಂಬು ಅಂದರು. ಅವಳು ನನ್ನ ಕಡೆ ನೋಡಿ, ತುಟಿ ಅಲುಗಾಡುವಷ್ಟೇ ಸದ್ದಿನಲ್ಲಿ ಹೇಳಿದಳು, "ಅಡ್ಡ ಬರಬ್ಯಾಡ ಮಾವಶಿ. ಇವತ್ತೊಂದ್ ದಿನ. ನಿನ್ನ ಕಾಲು ಬೀಳ್ತೀನಿ."

ನಾನು ಸುಮ್ಮನಾದೆ. ಖರೇ ಹೇಳಬೇಕು, ಸುಮ್ಮನಾದೆ. ಪಾತ್ರೆ ಸೀಯಿಸಿದವಳು ನಾನು, ಲಗ್ನದ ಕುಣಿಕೆ ಅವಳ ಕೊರಳಿಗೆ. ಮೊದಲನೆಯ ಗಡಿಗೆ ತುಂಬಿತು. ಎರಡನೆಯದೂ ತುಂಬಿತು. ಮೇಲೆ ಕೊತ್ತಂಬರಿ ಉದುರಿಸಿದರು, ತುಪ್ಪ ಬಿಟ್ಟರು. ನೋಡಿದರೆ ಯಾರೂ ಹೇಳುವಂತಿರಲಿಲ್ಲ. ಕಣ್ಣು ಮುಚ್ಚಿ ದೇವರ ಹೆಸರು ಹೇಳಲು ಹೋದೆ, ನಾಲಿಗೆಗೆ ಹೆಸರು ಬರಲಿಲ್ಲ.

ಮೂರನೆಯ ಗಡಿಗೆಯ ಪಕ್ಕಕ್ಕೆ ಇಡಲು ಕಡಬು ಕಡಿಮೆ ಬಿದ್ದವು. ವಾಪಸು ಬಂದ ಬುಟ್ಟಿಯಲ್ಲಿ ಒಂದು ಕಡಬಿಗೆ ಯಾರದೋ ಹಲ್ಲಿನ ಗುರುತು. ಶೆಫ್ ಚಾಕುವಿನಿಂದ ಆ ತುದಿಯನ್ನು ನೀಟಾಗಿ ಕತ್ತರಿಸಿ ತೆಗೆದು, ಉಳಿದದ್ದನ್ನು ಅಕ್ಕನ ಮಗಳ ಮುಂದೆ ಇಟ್ಟರು. ಅವಳು ಅದನ್ನು ಎತ್ತಿದಳು. ಅವಳ ಬೆರಳು ನಡುಗಲಿಲ್ಲ. ಅದನ್ನೇ ನನಗೆ ತಡೆಯಲಾಗಲಿಲ್ಲ. ರೂಢಿಯಾದ ಕೈ ಅದು.

ಮುಂದೆ ಬಂದೆ. ಪಾತ್ರೆಯ ಎರಡೂ ಕಿವಿಗೆ ಸೆರಗು ಸುತ್ತಿ ಹಿಡಿದು, ಹಿಂದಿನ ಬಾಗಿಲಿಗೆ ಹೋಗಿ, ಎಮ್ಮೆಯವರು ಒಯ್ಯುವ ಮುಸುರೆಯ ಡ್ರಮ್ಮಿಗೆ ಸುರುವಿದೆ. ತುಂಬಿದ ಗಡಿಗೆಗಳನ್ನೂ ತಂದು ಸುರುವಿದೆ. ನನ್ನ ಬುದ್ಧಿ ಬಲಿತ ಮೇಲೆ ಅನ್ನ ಚೆಲ್ಲಿದ್ದು ಅದೇ ಮೊದಲು. ಎಮ್ಮೆಯ ಹೊಟ್ಟೆಗಾದರೂ ಹೋಗುತ್ತದಲ್ಲ ಎಂದುಕೊಂಡೆ.

"ಏನ್ರೀ ಮಾಡ್ತಿದೀರಾ ನೀವು? ಯಾರ್ರೀ ಹೇಳಿದ್ದು ನಿಮಗೆ?" ಶೆಫ್ ಕಿರಿಚಿದರು. ಗದ್ದಲಕ್ಕೆ ಮಾಲಕರೇ ಬಂದರು. ನಾನು ಇದ್ದದ್ದು ಇದ್ದಂತೆ ಹೇಳಿದೆ.

"ಒಂದು ಪಾತ್ರಿ ನಾ ಸೀಸಿನ್ರಿ, ತಪ್ಪು ನಂದದ. ಇನ್ನೊಂದು ಮಂದಿ ತಿಂದು ಬಿಟ್ಟಿದ್ದು ಇತ್ರಿ. ಅದು ನನ್ನ ಕೈಲೆ ಮಾಡಿದ ಭಜ್ಜಿ ಅಂತ ಹೇಳಿ ಕೊಡಬ್ಯಾಡ್ರಿ."

ಅವರು ಬೆಚ್ಚುತ್ತಾರೆ ಅಂದುಕೊಂಡಿದ್ದೆ. ಅವರು ಊಟದ ಮನೆಯ ಬಾಗಿಲು ಮುಚ್ಚಿದೆಯೋ ಇಲ್ಲವೋ ತಿರುಗಿ ನೋಡಿದರು. "ಜರಾ ಸಣ್ಣಗ ಮಾತಾಡ್ರಿ ತಾಯಿ, ಮಂದಿಗಿ ಕೇಳಸ್ತದ" ಅಂದರು. ಅಷ್ಟೇ. ತುಟಿಯ ಕೆಂಪು ಹತ್ತಿದ ಆ ಚಮಚಕ್ಕಿಂತ ಹೆಚ್ಚು ಹೇಸಿಗೆ ನನಗೆ ಆ ಸಣ್ಣ ದನಿಯಿಂದ ಆಯಿತು.

"ಈಗ ಏನ್ ಕೊಡೋಣ? ಅದನ್ನರೆ ಹೇಳ್ರಿ."

"ಕಡ್ಲಿ ಹಿಟ್ಟು ಅದ, ಉಳ್ಳಾಗಡ್ಡಿ ತಪ್ಪಲ ಅದ, ಬೆಳ್ಳುಳ್ಳಿ ಅದ. ಝುಣಕಾ ಮಾಡ್ತೀನ್ರಿ. ಗ್ಯಾಸಿನ ಒಲಿ ಕೊಡ್ರಿ, ಉರಿ ಕಾಣೋದು."

ಕಬ್ಬಿಣದ ಬಾಣಲೆ ಸಿಕ್ಕಿತು, ದೇವರು ಕಣ್ಣು ಬಿಟ್ಟಂತಾಯಿತು. ಜನವಾಡದವಳು ಕೇಳದೆಯೇ ಕೈ ತೊಳೆದು ಉಳ್ಳಾಗಡ್ಡಿ ಹೆಚ್ಚಲು ನಿಂತಳು, ಜೊತೆಗೆ ಒಂದಿಷ್ಟು ಸಜ್ಜೆ ಹಿಟ್ಟು ನಾದಿ ಕೊಟ್ಟಳು. ಕಡಬು ಹಬೆಗೆ ಇಟ್ಟೆ. ಎಣ್ಣೆಗೆ ಸಾಸಿವೆ, ಜೀರಿಗೆ, ಜಜ್ಜಿದ ಬೆಳ್ಳುಳ್ಳಿ, ತಪ್ಪಲು, ಖಾರ. ಕುದಿಯುವ ನೀರಿಗೆ ಒಂದು ಕೈಯಿಂದ ಹಿಟ್ಟು ಬಿಡುತ್ತ ಇನ್ನೊಂದು ಕೈಯಿಂದ ತಿರುವಿದೆ, ಗಂಟಾಗದ ಹಾಗೆ. ಮುಚ್ಚಿ ಸಣ್ಣ ಉರಿಯಲ್ಲಿ ಬಿಟ್ಟೆ. ಅಕ್ಕನ ಮಗಳು ಗಡಿಗೆಗಳನ್ನು ಬಿಸಿನೀರಲ್ಲಿ ತೊಳೆದು ಒರೆಸಿ ಸಾಲಾಗಿ ಇಟ್ಟಳು. ಎಡೆ ತೋರಿಸಿಯೇ ಕಳಿಸಿದೆ. ಬಡಿಸುವವರು ಒಳಗೆ ಹೋಗಿ ಏನೇನೋ ಕತೆ ಹೇಳಿದರಂತೆ. ಮಂದಿ ಉಂಡರು. ಎರಡು ಮೇಜಿನವರು ಇನ್ನಷ್ಟು ಕೇಳಿ ಹಾಕಿಸಿಕೊಂಡರು.

ನಾಲ್ಕು ಗಂಟೆಗೆ ಮಾಲಕರು ಅಕ್ಕನ ಮಗಳನ್ನು ಕರೆದರು. ಬಾಗಿಲು ತೆರೆದೇ ಇತ್ತು, ಎಲ್ಲ ಕೇಳಿಸಿತು. "ನಿನ್ನ ಮಾವಶಿ ಕೈ ಚೊಲೋ ಅದ. ಆದ್ರ ಮನಿ ಮಂದಿನ್ನ ತಂದು ಕಿಚನ್ನಿನ್ಯಾಗ ಜಗಳಾ ಹಚ್ಚೋರು ನಮಗ ಬ್ಯಾಡ. ನಾಳಿಂದ ಬರಬ್ಯಾಡ."

ಸಂಜೆ ಅವಳನ್ನೂ ಕರೆದುಕೊಂಡು ಭಾಲ್ಕಿಯ ಬಸ್ಸು ಹತ್ತಿದೆ. ಹಲಬರ್ಗಾ ದಾಟಿದ ಮೇಲೆ ಅವಳು ಕಿಟಕಿಯ ಕಡೆ ನೋಡುತ್ತಲೇ ಅಂದಳು, "ನೀ ಸುಮ್ಮನ ಇದ್ದಿದ್ರ ಯಾರಿಗೂ ಗೊತ್ತಾಗ್ತಿರಲಿಲ್ಲ."

"ನಿನಗ ಗೊತ್ತಿತ್ತಲ್ಲ."

"ಗೊತ್ತಿತ್ತು. ಮೂರು ತಿಂಗಳಿಂದ ಗೊತ್ತಿತ್ತು. ನಾ ಅಲ್ಲಿ ಊಟ ಮಾಡೋದು ಬಿಟ್ಟಿದ್ದೆ, ರೂಮಿನ್ಯಾಗ ಬಿಸ್ಕೀಟ್ ತಿಂದು ಮಲಗ್ತಿದ್ದೆ. ಅವ್ವ ಕೇಳಿದ್ರ ಡಯಟಿಂಗ್ ಅಂತಿದ್ದೆ." ನನ್ನ ಕಡೆ ತಿರುಗಿ, "ಆದ್ರೂ ತುಂಬಿ ಕೊಡ್ತಿದ್ದೆ ಮಾವಶಿ" ಅಂದಳು. ಅಳಲಿಲ್ಲ. ಅತ್ತಿದ್ದರೆ ನಾನು ಏನಾದರೂ ಹೇಳುತ್ತಿದ್ದೆ.

ಸೋಮವಾರ ಬೆಳಗ್ಗೆ ಅಕ್ಕನ ಫೋನು ಬಂತು. ಮಗಳು ಹೇಳಿಯಾಗಿತ್ತು.

"ಆತಲ್ಲ. ಕರಾರು ಕರಾರೇ. ಹುಡುಗನ ಕಡಿಯವ್ರಿಗಿ ಬರ್ರಿ ಅಂತ ಹೇಳ್ತೀನಿ."

"ಹೇಳಬ್ಯಾಡಕ್ಕ. ಕೆಲಸ ಆಕಿ ಕಳಕೊಂಡಿಲ್ಲ, ನಾ ಕಳದೀನಿ. ಸೀಸಿದಾಕಿ ನಾ, ಚೆಲ್ಲಿದಾಕಿ ನಾ. ನಿನ್ನ ಕರಾರು ನನ್ನ ಮ್ಯಾಲ ಹಾಕು."

"ನಿನ್ನ ಮ್ಯಾಲ ಏನ್ ಹಾಕ್ಲಿ? ನಿನಗ ಲಗ್ನ ಮಾಡ್ಲೇನು?"

"ಆಕಿ ಒಂದು ವರ್ಷ ನನ್ನ ಮನ್ಯಾಗ ಇರ್ತಾಳ. ಬ್ಯಾರೆ ಕೆಲಸ ಹುಡುಕತಾಳ. ಸಿಗಲಿಲ್ಲಂದ್ರ ಅವತ್ತು ನೀ ಹೇಳಿದಂಗ."

"ದೇವರು ದಿಂಡರು ಅಂತ ಕೂತ್ಗೊಂಡು ನನ್ನ ಮಗಳ ತುತ್ತಿಗಿ ಮಣ್ಣು ಹಾಕಿದಿ. ಮ್ಯಾಲ ನೀನೇ ಉಣಸ್ತೀನಿ ಅಂತಿ" ಎಂದಳು ಅಕ್ಕ. "ಹಾಕೀನಿ, ಅದಕ್ಕೇ ಒಂದು ವರ್ಷ ಕೇಳ್ಲತ್ತೀನಿ" ಅಂದೆ. ಆಮೇಲೆ, "ಒಂದು ವರ್ಷ ಅಂದ್ರ ಒಂದೇ ವರ್ಷ" ಎಂದು ಫೋನು ಇಟ್ಟಳು. ಅಂದಿನಿಂದ ಅಕ್ಕ ನನ್ನ ಸಂಗಡ ನೇರ ಮಾತಾಡುವುದಿಲ್ಲ, ಏನಿದ್ದರೂ ಮಗಳ ಕೈಲೆ ಹೇಳಿ ಕಳಿಸುತ್ತಾಳೆ. ಹುಡುಗನ ಕಡೆಯವರನ್ನು ಮಾತ್ರ ಕರೆಯಲಿಲ್ಲ. ನನ್ನ ಪಾಲಿಗೆ ಅದು ದೊಡ್ಡದು.

ಆ ಸೋಮವಾರ ಫೋನು ಇಟ್ಟು ತಿರುಗಿದರೆ ಬಾಗಿಲ ಸಂದಿಯಲ್ಲಿ ಅಕ್ಕನ ಮಗಳು ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು.

"ಅವ್ವ ಏನಂದ್ಳು?" ಅಂತ ಮತ್ತೂ ಕೇಳಿದಳು.

"ಬೈದ್ಳು. ಒಂದು ವರ್ಷ ಕೊಟ್ಟಾಳ."

ಅಷ್ಟರಲ್ಲಿ ಹೊರಗೆ ಓಣಿಯವರು ನಳ ಬಂತು ಅಂತ ಕೂಗಿದರು. ನಾಲ್ಕು ದಿನಕ್ಕೊಮ್ಮೆ ಬರುವ ನೀರು. ನಾನು ಸೀರೆ ಎತ್ತಿ ಕಟ್ಟಿ, ಹಳೆಯ ನೀರು ಗಿಡಕ್ಕೆ ಚೆಲ್ಲಿ, ಕೊಡ ತೊಳೆಯಲು ಕೂತೆ. ಅವಳು ಇನ್ನೊಂದು ಕೊಡ ತಂದು ನನ್ನ ಪಕ್ಕ ಕೂತಳು.